ಪಿ0420 ಕೋಡ್: ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮೊದಲು ಏನೇನು ನೋಡಬೇಕು

ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದೆ, ಸ್ಕ್ಯಾನರ್ ಹಾಕಿದರೆ ಪಿ0420 ಎಂದು ತೋರಿಸುತ್ತಿದೆ, ಆದರೆ ಕಾರು ಎಂದಿನಂತೆಯೇ ಓಡುತ್ತಿದೆ. ಪಿಕಪ್ ಕುಗ್ಗಿಲ್ಲ, ಸದ್ದು ಬದಲಾಗಿಲ್ಲ. ಹೊಗೆಯಲ್ಲಿನ ವಿಷಾನಿಲವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಮಿತಿಗಿಂತ ಕುಗ್ಗಿದೆ ಎನ್ನುವುದು ಈ ಕೋಡಿನ ಅರ್ಥ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎರಡು: ಹಿಂದಿನ (ಕನ್ವರ್ಟರಿನ ನಂತರ ಇರುವ) ಆಕ್ಸಿಜನ್ ಸೆನ್ಸರ್ ಬದಲಿಸಿ, ಇಲ್ಲವೇ ಕನ್ವರ್ಟರನ್ನೇ ಬದಲಿಸಿ. ಮೊದಲನೆಯದು ಹೆಚ್ಚಿನ ಸಲ ದಂಡದ ಖರ್ಚು, ಯಾಕೆಂದು ಮುಂದೆ ನೋಡೋಣ. ಎರಡನೆಯದು ಸರಿಯೂ ಇರಬಹುದು. ಆದರೆ ಹಳೆಯ ಕನ್ವರ್ಟರ್ ಯಾಕೆ ಕೆಟ್ಟಿತು ಎಂದು ಹುಡುಕದೆ ಹೊಸದನ್ನು ಕೂರಿಸಿದರೆ, ಅದೂ ಅದೇ ಕಾರಣಕ್ಕೆ ಕೆಡುತ್ತದೆ. ಕಾರಿನ ದುಬಾರಿ ಬಿಡಿಭಾಗಗಳಲ್ಲಿ ಇದೂ ಒಂದು, ಹಾಗಾಗಿ ಒಂದೆರಡು ಗಂಟೆ ಪರೀಕ್ಷೆಗೆ ಕೊಡುವುದು ಲಾಭವೇ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಕಾರಿಗೆ. ಪಿ0420 ಎಂದರೆ ಬ್ಯಾಂಕ್ 1, ಅಂದರೆ ಒಂದನೇ ಸಿಲಿಂಡರ್ ಇರುವ ಕಡೆ. ಎಂಜಿನ್ ವಿ-6 ಅಥವಾ ವಿ-8 ಆಗಿದ್ದರೆ ಎರಡನೇ ಕಡೆಯ ಕನ್ವರ್ಟರಿಗೆ ಪಿ0430 ಬರುತ್ತದೆ. ಪರೀಕ್ಷೆಯ ಕ್ರಮ ಎರಡಕ್ಕೂ ಒಂದೇ. ಆದರೆ ಯಾವುದು ಬ್ಯಾಂಕ್ 1 ಎಂದು ಕಾರಿನ ಸರ್ವಿಸ್ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಎಡವೋ ಬಲವೋ ಎಂದು ಊಹಿಸಿ ಕೆಟ್ಟಿಲ್ಲದ ಕಡೆಯ ಭಾಗವನ್ನು ಬಿಚ್ಚುವುದು ಅಪರೂಪವೇನಲ್ಲ.

ಕೋಡ್ ಅಳೆಯುವುದು ಏನನ್ನು

ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೊಗೆಯಲ್ಲಿ ಎಷ್ಟು ವಿಷಾನಿಲ ಇದೆ ಎಂದು ನೇರವಾಗಿ ಅಳೆಯುವ ಸಾಧನ ಇಲ್ಲ. ಅದಕ್ಕೆ ಇರುವುದು ಎರಡು ಆಕ್ಸಿಜನ್ ಸೆನ್ಸರ್‌ಗಳು ಮಾತ್ರ: ಕನ್ವರ್ಟರಿಗಿಂತ ಮೊದಲು ಒಂದು, ನಂತರ ಒಂದು. ಇವೆರಡರ ಮಾತನ್ನು ಹೋಲಿಸಿ ಅದು ಕನ್ವರ್ಟರಿನ ಆರೋಗ್ಯವನ್ನು ಅಂದಾಜು ಮಾಡುತ್ತದೆ.

ಕನ್ವರ್ಟರಿನ ಒಳಗೆ ಜೇನುಗೂಡಿನ ಆಕಾರದ ಸೆರಾಮಿಕ್ ತುಂಡು ಇರುತ್ತದೆ (ಕೆಲವು ಕಾರುಗಳಲ್ಲಿ ತೆಳು ಲೋಹದ ಹಾಳೆ). ಅದರ ಮೇಲೆ ಅಲ್ಯುಮಿನಾ ಲೇಪ, ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಸೂಕ್ಷ್ಮ ಕಣಗಳು. ಜೊತೆಗೆ ಸೀರಿಯಂ ಆಕ್ಸೈಡ್ ಕೂಡ ಇರುತ್ತದೆ. ಈ ಕೋಡಿನ ಮಟ್ಟಿಗೆ ಮುಖ್ಯವಾದದ್ದು ಈ ಸೀರಿಯಂ. ಹೊಗೆಯಲ್ಲಿ ಆಕ್ಸಿಜನ್ ಹೆಚ್ಚಿದ್ದಾಗ ಅದು ಕಣಜದಂತೆ ತುಂಬಿಕೊಳ್ಳುತ್ತದೆ, ಕೊರತೆಯಾದಾಗ ಹೊರಗೆ ಕೊಡುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಆದರ್ಶ ಮಿಶ್ರಣ ತೂಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್. ಇಸಿಯು ಈ ಗೆರೆಯ ಆಚೀಚೆ ಮಿಶ್ರಣವನ್ನು ಸತತವಾಗಿ ತೂಗಾಡಿಸುತ್ತದೆ: ಒಂದು ಕ್ಷಣ ಪೆಟ್ರೋಲ್ ತುಸು ಹೆಚ್ಚು (ರಿಚ್), ಮರುಕ್ಷಣ ಗಾಳಿ ತುಸು ಹೆಚ್ಚು (ಲೀನ್). ಹಾಗಾಗಿ ಹಳೆಯ ಬಗೆಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯುತ್ತದೆ. ಕನ್ವರ್ಟರ್ ಗಟ್ಟಿಯಾಗಿದ್ದರೆ ಈ ಏರಿಳಿತವನ್ನು ಸೀರಿಯಂ ನುಂಗಿಬಿಡುತ್ತದೆ. ಹಿಂದಿನ ಸೆನ್ಸರ್ 0.6ರಿಂದ 0.7 ವೋಲ್ಟ್ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನೇರ ಗೆರೆಯಾಗಿ ನಿಲ್ಲುತ್ತದೆ. ಸೀರಿಯಂನ ಶಕ್ತಿ ಕುಂದಿದಂತೆ ಹಿಂದಿನ ಸೆನ್ಸರೂ ಮುಂದಿನದರ ಜೊತೆ ಕುಣಿಯತೊಡಗುತ್ತದೆ. ಆ ಕುಣಿತ ಇಸಿಯುಗೆ ಹಾಕಿಕೊಟ್ಟ ಮಿತಿ ದಾಟಿದರೆ ಮೊದಲ ಸಲ ಕೋಡ್ ಪೆಂಡಿಂಗ್ ಆಗಿ ಕೂರುತ್ತದೆ. ಇನ್ನೊಂದು ಓಡಾಟದಲ್ಲೂ ಹಾಗೆಯೇ ಕಂಡರೆ ದೀಪ ಹತ್ತುತ್ತದೆ.

ಹಿಂದಿನ ಸೆನ್ಸರ್ ಬದಲಿಸುವುದು ಯಾಕೆ ದಂಡ ಎನ್ನುವುದು ಈಗ ಅರ್ಥವಾಗುತ್ತದೆ. ಹಳತಾಗಿ ಮಂದವಾದ ಸೆನ್ಸರ್ ಬೇಗ ಏರಿಳಿಯಲಾರದು, ಅದರ ಗೆರೆ ಇನ್ನಷ್ಟು ನೇರವಾಗುತ್ತದೆ. ಅಂಥ ಸೆನ್ಸರ್ ಕೆಟ್ಟ ಕನ್ವರ್ಟರನ್ನು ಚೆನ್ನಾಗಿದೆ ಎಂದು ಮುಚ್ಚಿಡಬಹುದೇ ಹೊರತು ಚೆನ್ನಾಗಿರುವುದನ್ನು ಕೆಟ್ಟಿದೆ ಎಂದು ದೂರುವುದು ಕಡಿಮೆ. ಸೆನ್ಸರಿನ ವಯರಿಂಗ್ ಅಥವಾ ಹೀಟರ್ ಕೆಟ್ಟರೆ ಬಹುತೇಕ ಅದರದೇ ಕೋಡ್ ಬರುತ್ತದೆ.

ದೀಪ ಮಿನುಗುತ್ತಿದ್ದರೆ ಮೊದಲು ಅದು

ಚೆಕ್ ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿರುವುದು ಬೇರೆ, ಹತ್ತಿ ಆರಿ ಮಿನುಗುವುದು ಬೇರೆ. ಮಿನುಗಿದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಪೆಟ್ರೋಲ್ ಕನ್ವರ್ಟರಿನ ಒಳಗೆ ಹೋಗಿ ಉರಿಯುತ್ತಿದೆ ಎಂದರ್ಥ. ಕನ್ವರ್ಟರ್ ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಶಾಖ 1000 ಡಿಗ್ರಿಯ ಹತ್ತಿರ ಹೋದರೆ ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಕೆಲಸಕ್ಕೆ ಸಿಗುವ ಮೇಲ್ಮೈ ಕುಗ್ಗುತ್ತದೆ, ಇದು ಮತ್ತೆ ಸರಿಹೋಗುವ ಹಾನಿಯಲ್ಲ. ಇನ್ನೂ ಏರಿದರೆ ಸೆರಾಮಿಕ್ಕೇ ಕರಗಿ ದಾರಿ ಮುಚ್ಚುತ್ತದೆ. ಆದ್ದರಿಂದ ದೀಪ ಮಿನುಗುತ್ತಿದ್ದರೆ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಆಮೇಲೂ ನಿಲ್ಲದಿದ್ದರೆ ಕಾರು ನಿಲ್ಲಿಸಿ, ಒಣಹುಲ್ಲು ತರಗೆಲೆ ಇರುವ ಜಾಗದಲ್ಲಿ ಮಾತ್ರ ಬೇಡ. ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ ಸರಿಪಡಿಸಿ. ಅದಾದ ಮೇಲೆಯೇ ಕನ್ವರ್ಟರಿನ ಮಾತು.

ಬೇಕಾಗುವ ಸಾಮಾನು

ಲೈವ್ ಡೇಟಾವನ್ನು ಗ್ರಾಫ್ ಆಗಿ ತೋರಿಸುವ ಒಬಿಡಿ-2 ಸ್ಕ್ಯಾನರ್ (ಕಾರಿನ ದೋಷಪರೀಕ್ಷೆಯ ಸಾಕೆಟ್ಟಿಗೆ ಜೋಡಿಸುವುದು) ಬೇಕು. ಫೋನಿಗೆ ಜೋಡಿಸುವ ಬ್ಲೂಟೂತ್ ಅಡಾಪ್ಟರೂ ಆದೀತು, ಆದರೆ ಅಗ್ಗದವು ನಿಧಾನ. ಹತ್ತು ಅಂಕಿಗಳನ್ನು ಒಟ್ಟಿಗೆ ಓದಲು ಹೇಳಿದರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಸೆನ್ಸರಿನ ನಿಜವಾದ ಏರಿಳಿತ ತಪ್ಪಿಹೋಗುತ್ತದೆ. ಒಂದು ಸಲಕ್ಕೆ ಎರಡೋ ಮೂರೋ ಅಂಕಿ ಮಾತ್ರ ಆರಿಸಿ. ಇದಲ್ಲದೆ ಒಂದು ಮಲ್ಟಿಮೀಟರ್, ಸೋಪಿನ ನೀರಿನ ಸ್ಪ್ರೇ ಬಾಟಲಿ, ರಬ್ಬರ್ ಸುತ್ತಿಗೆ, ಸೆನ್ಸರ್ ಬಿಚ್ಚುವ 22 ಮಿ.ಮೀ. ಸಾಕೆಟ್ (ಒಂದು ಬದಿ ಸೀಳಿದ್ದು, ವಯರ್ ಹೊರಬರಲು), ಟಾರ್ಚ್ ಇಷ್ಟು ಸಾಕು. ಹೊಗೆಯ ಒತ್ತಡ ಅಳೆಯಬೇಕಾದರೆ 1 ಬಾರ್‌ವರೆಗಿನ ಗೇಜ್ ಮತ್ತು ಸೆನ್ಸರಿನ ಜಾಗಕ್ಕೆ ಕೂರುವ ಅಡಾಪ್ಟರ್ ಬೇಕು.

ಕಾರಿನ ಕೆಳಗೆ ಹೋಗುವುದಿದ್ದರೆ ಜಾಕಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಚಾಲೂ ಇಟ್ಟು ಮಾಡುವ ಕೆಲಸವನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಹಂತ 1: ಎಲ್ಲ ಕೋಡ್ ಓದಿ, ಅಳಿಸಬೇಡಿ

ಕೋಡ್ ಕಂಡೊಡನೆ ಅಳಿಸಿ, ಮತ್ತೆ ಬರುತ್ತದೋ ನೋಡೋಣ ಎನ್ನುವುದು ಬಹಳ ಜನರ ಅಭ್ಯಾಸ. ಹಾಗೆ ಮಾಡಿದರೆ ಕೋಡಿನ ಜೊತೆ ಉಳಿದಿದ್ದ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ಶಾಖ ಎಷ್ಟಿತ್ತು, ವೇಗ ಎಷ್ಟಿತ್ತು, ಲೋಡ್ ಎಷ್ಟಿತ್ತು, ಫ್ಯುಯಲ್ ಟ್ರಿಮ್ (ಮಿಶ್ರಣ ಸರಿಪಡಿಸಲು ಇಸಿಯು ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬ ಅಂಕಿ; ಹೆಚ್ಚಿಸಿದರೆ ಪ್ಲಸ್, ಕಡಿಮೆ ಮಾಡಿದರೆ ಮೈನಸ್) ಎಷ್ಟಿತ್ತು ಎಂಬ ದಾಖಲೆ ಅದು. ಮೊದಲು ಅದನ್ನು ಬರೆದುಕೊಳ್ಳಿ ಅಥವಾ ಪರದೆಯ ಚಿತ್ರ ತೆಗೆದುಕೊಳ್ಳಿ. ಫ್ರೀಜ್ ಫ್ರೇಮಿನಲ್ಲಿ ಟ್ರಿಮ್ ವಿಪರೀತ ಕಂಡರೆ ಅನುಮಾನ ಎಂಜಿನ್ನಿನ ಕಡೆ ತಿರುಗಬೇಕು.

ಆಮೇಲೆ ಪೆಂಡಿಂಗ್ ಕೋಡ್‌ಗಳನ್ನೂ ಸೇರಿಸಿ ಪೂರ್ತಿ ಪಟ್ಟಿ ನೋಡಿ. ಪಿ0300ರಿಂದ ಪಿ0308ರವರೆಗಿನದು ಮಿಸ್‌ಫೈರ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದಿರುವುದು. ಪಿ0171 ಲೀನ್, ಪಿ0172 ರಿಚ್. ಪಿ0135 ಮುಂದಿನ ಸೆನ್ಸರಿನ ಹೀಟರ್, ಪಿ0141 ಹಿಂದಿನದರ ಹೀಟರ್. ಪಿ0136ರಿಂದ ಪಿ0140 ಹಿಂದಿನ ಸೆನ್ಸರಿನ ಸಿಗ್ನಲ್. ಪಿ0128 ಬಂದಿದ್ದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ, ಬಹುಶಃ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಎಂಜಿನ್ ಬಿಸಿಯಾಗದಿದ್ದರೆ ಇಸಿಯು ಹೆಚ್ಚು ಹೊತ್ತು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇವುಗಳಲ್ಲಿ ಯಾವುದೇ ಇದ್ದರೂ ಅದನ್ನು ಮೊದಲು ಮುಗಿಸಿ. ಪಿ0420 ಒಂದೇ ಇದ್ದರೆ ಮುಂದಿನ ಹಂತ.

ಹಂತ 2: ಎಂಜಿನ್ ಆರೋಗ್ಯವಾಗಿದೆಯೇ

ಕನ್ವರ್ಟರ್ ತಾನಾಗಿ ಸಾಯುವುದಕ್ಕಿಂತ ಎಂಜಿನ್ನಿನಿಂದ ಸಾಯುವುದೇ ಹೆಚ್ಚು. ಆದ್ದರಿಂದ ಈ ಹಂತವನ್ನು ಹಾರಿಸಬಾರದು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ಐಡಲ್‌ನಲ್ಲಿ (ಆಕ್ಸಲರೇಟರ್ ಒತ್ತದೆ ನಿಂತಲ್ಲೇ) ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ. ಮೊತ್ತ ಪ್ಲಸ್ ಅಥವಾ ಮೈನಸ್ 5 ಶೇಕಡದ ಒಳಗಿದ್ದರೆ ಉತ್ತಮ, 10ರವರೆಗೆ ನಡೆಯುತ್ತದೆ. ಐಡಲ್‌ನಲ್ಲಿ ಪ್ಲಸ್ 15 ಇದ್ದು 2500ರಲ್ಲಿ ಸರಿಹೋದರೆ ಇನ್‌ಟೇಕ್ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ: ಸೀಳಿದ ಹೋಸ್, ಪಿಸಿವಿ ಪೈಪು (ಎಂಜಿನ್ನಿನ ಒಳಗಿನ ಅನಿಲವನ್ನು ಇನ್‌ಟೇಕಿಗೆ ಮರಳಿಸುವುದು), ಇನ್‌ಟೇಕ್ ಗ್ಯಾಸ್ಕೆಟ್. ವೇಗ ಏರಿದಂತೆ ಪ್ಲಸ್ ಕೂಡ ಏರಿದರೆ ಪೆಟ್ರೋಲ್ ಪಂಪಿನ ಒತ್ತಡ ಸಾಲುತ್ತಿಲ್ಲ ಅಥವಾ ಗಾಳಿ ಅಳೆಯುವ ಮಾಫ್ ಸೆನ್ಸರ್ ಕೊಳೆಯಾಗಿದೆ. ಮೈನಸ್ ಕಡೆ ಹತ್ತಕ್ಕಿಂತ ಹೆಚ್ಚಾದರೆ ಸೋರುವ ಇಂಜೆಕ್ಟರ್, ತೆರೆದೇ ನಿಂತ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವುದು), ವಿಪರೀತ ಪೆಟ್ರೋಲ್ ಒತ್ತಡ ಇವುಗಳನ್ನು ನೋಡಿ. ಕನ್ವರ್ಟರಿಗೆ ಹೆಚ್ಚು ಅಪಾಯ ಈ ಮೈನಸ್ ಕಡೆಯದು. ಬಹಳ ದಿನ ರಿಚ್ ಆಗಿ ಓಡಿದ ಎಂಜಿನ್ ಅದನ್ನು ಅತಿಯಾಗಿ ಕಾಯಿಸುತ್ತದೆ, ಮಸಿಯನ್ನೂ ಹಿಡಿಸುತ್ತದೆ.

ಪ್ಲಗ್‌ಗಳನ್ನು ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಸರಿ. ಒಣ ಕಪ್ಪು ಮಸಿ ಇದ್ದರೆ ರಿಚ್, ಎಣ್ಣೆಯ ತೇವ ಇದ್ದರೆ ಆಯಿಲ್ ಸುಡುತ್ತಿದೆ. ಒಂದೇ ಪ್ಲಗ್ ಉಳಿದವಕ್ಕಿಂತ ಬೇರೆ ಕಂಡರೆ ತೊಂದರೆ ಆ ಸಿಲಿಂಡರಿನದು.

ಆಯಿಲ್ ಸುಡುವ ವಿಷಯದಲ್ಲಿ ಕೊಂಚ ನಿಲ್ಲಬೇಕು. ಎಂಜಿನ್ ಆಯಿಲಿನಲ್ಲಿ ಸವೆತ ತಡೆಯಲು ಸೇರಿಸುವ ರಂಜಕ ಮತ್ತು ಸತು ಇರುತ್ತವೆ. ಆಯಿಲ್ ಉರಿದಾಗ ಇವು ಹೊಗೆಯ ಜೊತೆ ಹೋಗಿ ಕನ್ವರ್ಟರಿನ ಲೇಪದ ಮೇಲೆ ಗಾಜಿನಂಥ ಪದರ ಕಟ್ಟುತ್ತವೆ. ಕೆಳಗಿನ ಲೋಹ ಇದ್ದೂ ಇಲ್ಲದಂತಾಗುತ್ತದೆ. ಈ ವಿಷವನ್ನು ಪೆಟ್ರೋಲ್ ಟ್ಯಾಂಕಿಗೆ ಹಾಕುವ ಯಾವ ದ್ರಾವಣವೂ ತೊಳೆಯುವುದಿಲ್ಲ. ಡಿಪ್‌ಸ್ಟಿಕ್ ಗುರುತು ಮಾಡಿಟ್ಟು 1000 ಕಿ.ಮೀ. ಓಡಿಸಿ ಅಳೆಯಿರಿ. ಅರ್ಧ ಲೀಟರಿಗಿಂತ ಹೆಚ್ಚು ಇಳಿದರೆ ಹೊಸ ಕನ್ವರ್ಟರಿಗೆ ದುಡ್ಡು ಹಾಕುವ ಮೊದಲು ಎಂಜಿನ್ನಿಗೆ ಹಾಕುವುದು ಬುದ್ಧಿವಂತಿಕೆ. ಮೊದಲು ಪಿಸಿವಿ ವಾಲ್ವ್ ನೋಡಿ, ಅಗ್ಗದ ಭಾಗ, ಕಟ್ಟಿಕೊಂಡರೆ ಆಯಿಲ್ ಇನ್‌ಟೇಕಿಗೆ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಜೋರಾಗಿ ಎಳೆದಾಗ ಬಂದರೆ ಪಿಸ್ಟನ್ ರಿಂಗ್ ಎಂದು ಅನುಮಾನಿಸಬಹುದು.

ಕೂಲಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಉರಿದ ಕೂಲಂಟಿನಿಂದ ಸೆನ್ಸರ್ ಮತ್ತು ಕನ್ವರ್ಟರ್ ಎರಡೂ ಕೆಡುತ್ತವೆ. ಇತ್ತೀಚೆಗೆ ಎಂಜಿನ್ ಕೆಲಸ ಆಗಿದ್ದರೆ ಯಾವ ಸಿಲಿಕೋನ್ ಪೇಸ್ಟ್ ಬಳಸಿದ್ದರು ಎಂದೂ ಕೇಳಿ. ಸೆನ್ಸರ್‌ಗೆ ಹಾನಿ ಮಾಡದ ಬಗೆಯದೇ ಬೇರೆ ಸಿಗುತ್ತದೆ.

ಹಂತ 3: ಹೊಗೆಯ ಪೈಪಿನಲ್ಲಿ ಸೋರಿಕೆ

ಹೊಗೆ ಹೊರಗೆ ಸೋರಿದರೆ ಸೆನ್ಸರಿಗೇನು ಎಂದು ಅನ್ನಿಸಬಹುದು. ಹೊಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಪೈಪಿನಲ್ಲಿ ಒತ್ತಡ ಇಳಿದು ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಆ ಗಾಳಿಯ ಆಕ್ಸಿಜನ್ನನ್ನು ಸೆನ್ಸರ್ ಎಂಜಿನ್ನಿನದೆಂದೇ ತಿಳಿಯುತ್ತದೆ. ಸೋರಿಕೆ ಮುಂದಿನ ಸೆನ್ಸರಿಗಿಂತ ಮೊದಲಿದ್ದರೆ ಇಸಿಯು ಮಿಶ್ರಣ ಲೀನ್ ಎಂದು ಮೋಸಹೋಗಿ ಪೆಟ್ರೋಲ್ ಹೆಚ್ಚಿಸುತ್ತದೆ, ಟ್ರಿಮ್ ಪ್ಲಸ್ ತೋರಿಸುತ್ತದೆ, ನಿಜದಲ್ಲಿ ಕನ್ವರ್ಟರಿಗೆ ರಿಚ್ ಹೊಗೆ ಹೋಗುತ್ತಿರುತ್ತದೆ. ಎರಡು ಸೆನ್ಸರ್‌ಗಳ ನಡುವೆ ಇದ್ದರೆ ಹಿಂದಿನ ಸೆನ್ಸರಿನ ವೋಲ್ಟೇಜ್ ಬೀಳುತ್ತದೆ ಅಥವಾ ಅಡ್ಡಾದಿಡ್ಡಿ ಓಡುತ್ತದೆ, ಪಿ0420 ಬರಲು ಅಷ್ಟು ಸಾಕು.

ರಾತ್ರಿಯಿಡೀ ನಿಂತ ತಣ್ಣನೆಯ ಕಾರಿನಲ್ಲಿ ಹುಡುಕಿ. ಲೋಹ ಬಿಸಿಯಾದರೆ ಹಿಗ್ಗಿ ಸಣ್ಣ ಬಿರುಕು ಮುಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗಳು) ಕಡೆ ಟಿಕ್ ಟಿಕ್ ಸದ್ದು ಕೇಳಿ ಎರಡು ಮೂರು ನಿಮಿಷದಲ್ಲಿ ನಿಂತರೆ ಅದು ಸೋರಿಕೆಯೇ ಇರಬಹುದು. ಇನ್ನೂ ಒಳ್ಳೆಯ ದಾರಿ: ಎಂಜಿನ್ ಆಫ್ ಇಟ್ಟು, ವ್ಯಾಕ್ಯೂಮ್ ಕ್ಲೀನರಿನ ಊದುವ ಬದಿಯನ್ನು ಸೈಲೆನ್ಸರಿನ ಬಾಲಕ್ಕೆ ಬಟ್ಟೆ ಸುತ್ತಿ ಜೋಡಿಸಿ ಗಾಳಿ ಊದಿ. ನಂತರ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಫ್ಲಾಂಜ್ ಜೋಡಣೆಗಳು, ಬೆಸುಗೆ ಗೆರೆಗಳು, ಬಳುಕುವ ಜಾಲರಿ ಪೈಪು, ಎರಡೂ ಸೆನ್ಸರಿನ ಬುಡ ಇಲ್ಲೆಲ್ಲ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ತೂತು. ಜಾಲರಿ ಪೈಪಿನ ಒಳಪದರ ಒಡೆದಿದ್ದರೆ ಹೊರಗೆ ಕಾಣುವುದಿಲ್ಲ, ಗುಳ್ಳೆ ಮಾತ್ರ ಹೇಳುತ್ತದೆ. ಜೋಡಣೆಗಳ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಅದೂ ಸುಳಿವು. ಹಿಂದಿನ ಸೆನ್ಸರ್ ದಾಟಿ ಬಹಳ ದೂರ, ಬಾಲದ ಸೈಲೆನ್ಸರ್ ಹತ್ತಿರ ಇರುವ ತೂತಿಗೂ ಈ ಕೋಡಿಗೂ ಸಂಬಂಧ ಇಲ್ಲ.

ಹಂತ 4: ಗ್ರಾಫ್ ಓದುವುದು

ತೀರ್ಪು ಬಹುಪಾಲು ಸಿಗುವುದು ಇಲ್ಲಿ. ಕಾರನ್ನು 15–20 ನಿಮಿಷ ಓಡಿಸಿ ಬನ್ನಿ. ಕನ್ವರ್ಟರ್ ಕೆಲಸ ಶುರುಮಾಡಲೇ 250ರಿಂದ 300 ಡಿಗ್ರಿ ಬೇಕು, ನಿಂತ ಕಾರಿನಲ್ಲಿ ಐದು ನಿಮಿಷ ಐಡಲ್ ಬಿಟ್ಟು ಅಳೆದರೆ ಚೆನ್ನಾಗಿರುವುದೂ ಕೆಟ್ಟಂತೆ ಕಾಣುತ್ತದೆ. ಬಂದ ಮೇಲೆ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿದು ಎರಡೂ ಸೆನ್ಸರಿನ ಗ್ರಾಫ್ ಒಂದರ ಕೆಳಗೊಂದು ಇಟ್ಟು ನೋಡಿ.

ಹಿಂದಿನ ಸೆನ್ಸರಿನ ಗೆರೆ 0.6–0.8 ವೋಲ್ಟ್ ನಡುವೆ ನಿಧಾನವಾಗಿ ತೇಲುತ್ತಿದ್ದರೆ ಈ ಹೊತ್ತಿಗೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಮುಂದಿನದರಷ್ಟೇ ವೇಗದಲ್ಲಿ, ಅದರಷ್ಟೇ ಎತ್ತರಕ್ಕೆ 0.1ರಿಂದ 0.9ರವರೆಗೆ ಏರಿಳಿದರೆ ಸೀರಿಯಂ ಖಾಲಿ. ಕಷ್ಟ ಇರುವುದು ನಡುವಿನದರಲ್ಲಿ: ಮುಂದಿನದು ಹತ್ತು ಸಲ ಕುಣಿದರೆ ಹಿಂದಿನದು ಮೂರೋ ನಾಲ್ಕೋ ಸಲ ಕುಣಿಯುತ್ತದೆ. ಇದು ಮಿತಿಯ ಅಂಚಿನಲ್ಲಿರುವ ಕನ್ವರ್ಟರ್. ಇಂಥದ್ದರಲ್ಲಿಯೇ ಸೋರಿಕೆ ಮುಚ್ಚಿದರೆ ಅಥವಾ ಟ್ರಿಮ್ ಸರಿಮಾಡಿದರೆ ಕೋಡ್ ಹೋಗಿಬಿಡುವ ಸಾಧ್ಯತೆ ಇರುತ್ತದೆ. ಐಡಲ್‌ನಲ್ಲಿ 0.1–0.3ಕ್ಕೆ ಬಿದ್ದಿದ್ದು, 2500ರಲ್ಲಿ ಮೇಲೆದ್ದು ನಿಂತರೆ ಕನ್ವರ್ಟರಿಗಿಂತ ಸೋರಿಕೆಯ ಮೇಲೆ ಅನುಮಾನ ಹೆಚ್ಚು. ವೇಗದಲ್ಲಿ ಹೊಗೆಯ ಪ್ರಮಾಣ ಹೆಚ್ಚಿ, ಒಳಬರುವ ಗಾಳಿಯ ಪಾಲು ಕಡಿಮೆಯಾಗುತ್ತದೆ.

ಈಚಿನ ಬಹಳ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಬಗೆಯದು, ಅಂದರೆ ಮಿಶ್ರಣ ಎಷ್ಟು ರಿಚ್ ಅಥವಾ ಲೀನ್ ಎಂದು ಅಳತೆಯನ್ನೇ ಹೇಳುವಂಥದ್ದು. ಅದು 0.1–0.9 ಎಂದು ಕುಣಿಯುವುದೇ ಇಲ್ಲ, ಆದ್ದರಿಂದ ಮೇಲಿನ ಹೋಲಿಕೆ ಅದಕ್ಕೆ ಹೊಂದುವುದಿಲ್ಲ. ಅದರ ವೋಲ್ಟೇಜನ್ನು ಹಿಂದಿನದರ ವೋಲ್ಟೇಜಿನ ಪಕ್ಕ ಇಟ್ಟು ಗಾಬರಿಯಾಗಬೇಡಿ. ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ ಎಂಬ ಅಂಕಿ ಆರಿಸಿ (ಮಿಶ್ರಣವನ್ನು ಆದರ್ಶ ಮಿಶ್ರಣಕ್ಕೆ ಹೋಲಿಸಿದ ಅಂಕಿ ಅದು), 1.00ರ ಸುತ್ತ ಇರಬೇಕು. ಇಂಥ ಕಾರಿಗೆ ಓಡಿಸುತ್ತ ಮಾಡುವ ಪರೀಕ್ಷೆ ಹೆಚ್ಚು ಸ್ಪಷ್ಟ. ಜೊತೆಗೊಬ್ಬರು ಸ್ಕ್ಯಾನರ್ ನೋಡಲಿ:

1. ಖಾಲಿ ರಸ್ತೆಯಲ್ಲಿ 80 ಕಿ.ಮೀ. ವೇಗದಲ್ಲಿ ಒಂದೆರಡು ನಿಮಿಷ ಸಮವಾಗಿ ಓಡಿಸಿ.
2. ಗೇರ್‌ನಲ್ಲೇ ಇಟ್ಟು ಆಕ್ಸಲರೇಟರ್ ಪೂರ್ತಿ ಬಿಡಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಎಂಜಿನ್ ಬರೀ ಗಾಳಿ ತಳ್ಳುತ್ತದೆ. ಹಿಂದಿನ ಸೆನ್ಸರ್ 0.1 ವೋಲ್ಟ್ ಆಸುಪಾಸಿಗೆ ಬೀಳಬೇಕು. ಐದಾರು ಸೆಕೆಂಡು ಹಾಗೇ ಬಿಡಿ, ಕನ್ವರ್ಟರ್ ಆಕ್ಸಿಜನ್ ತುಂಬಿಕೊಳ್ಳಲಿ.
3. ಮತ್ತೆ ಮೆಲ್ಲಗೆ ಆಕ್ಸಲರೇಟರ್ ಕೊಡಿ. ಲ್ಯಾಂಬ್ಡಾ ತಕ್ಷಣ 1ರ ಹತ್ತಿರ ಬರುತ್ತದೆ. ಹಿಂದಿನ ಸೆನ್ಸರ್ ಎಷ್ಟು ಹೊತ್ತಿಗೆ ಮೇಲೇಳುತ್ತದೆ ನೋಡಿ.

ಗಟ್ಟಿ ಕನ್ವರ್ಟರ್ ತುಂಬಿಕೊಂಡಿದ್ದ ಆಕ್ಸಿಜನ್ ಕರಗುವವರೆಗೆ, ಅಂದರೆ ಕೆಲವು ಸೆಕೆಂಡು, ಹಿಂದಿನ ಸೆನ್ಸರ್ ಕೆಳಗೇ ಇರುತ್ತದೆ. ಸೋತ ಕನ್ವರ್ಟರಿನಲ್ಲಿ ಹಿಂದಿನದೂ ಮುಂದಿನದರ ಬೆನ್ನಿಗೇ ಏಳುತ್ತದೆ. ನಾಲ್ಕೈದು ಸಲ ಮಾಡಿ, ಒಂದೇ ಸಲದ ಫಲಿತಾಂಶದ ಮೇಲೆ ನಿಲ್ಲಬೇಡಿ.

ಇದೇ ಪರೀಕ್ಷೆ ಹಿಂದಿನ ಸೆನ್ಸರ್ ಬದುಕಿದೆಯೇ ಎಂದೂ ಹೇಳುತ್ತದೆ. ಕಾಲು ಬಿಟ್ಟಾಗ 0.1ರ ಹತ್ತಿರ ಬಿದ್ದು, ಜೋರಾಗಿ ಒತ್ತಿದಾಗ 0.8 ದಾಟಿದರೆ ಸೆನ್ಸರ್ ಸರಿಯಿದೆ, ಅದನ್ನು ಬದಲಿಸಲು ಕಾರಣ ಇಲ್ಲ. ಯಾವಾಗಲೂ 0.45ರ ಹತ್ತಿರ ಅಲ್ಲಾಡದೆ ನಿಂತಿದ್ದರೆ ಹೀಟರ್ ಅಥವಾ ವಯರ್ ನೋಡಿ: ಕನೆಕ್ಟರ್ ಬಿಚ್ಚಿ ಎರಡು ಹೀಟರ್ ವಯರಿನ ನಡುವೆ (ಬಹಳ ಸೆನ್ಸರುಗಳಲ್ಲಿ ಇವೆರಡೂ ಒಂದೇ ಬಣ್ಣ) ಮಲ್ಟಿಮೀಟರ್ ಹಿಡಿದರೆ ತಣ್ಣಗಿರುವಾಗ ಕೆಲವೇ ಓಮ್ ಬರಬೇಕು. ನಿಖರ ಅಂಕಿ ಕಾರಿನ ಕೈಪಿಡಿಯಲ್ಲಿರುತ್ತದೆ. ಓಮ್ ಅನಂತ ಎಂದು ತೋರಿಸಿದರೆ ಹೀಟರ್ ಸುಟ್ಟಿದೆ.

ಮೋಡ್ 6 (ಇಸಿಯು ತಾನೇ ನಡೆಸಿದ ಪರೀಕ್ಷೆಗಳ ಫಲಿತಾಂಶ) ತೋರಿಸುವ ಸ್ಕ್ಯಾನರ್ ಇದ್ದರೆ ಇಸಿಯು ಕೊಟ್ಟ ಅಂಕವನ್ನೇ ನೋಡಬಹುದು. ಕ್ಯಾಟಲಿಸ್ಟ್ ಮಾನಿಟರ್ ಬ್ಯಾಂಕ್ 1 ಎಂಬ ಸಾಲಿನಲ್ಲಿ (ಕ್ಯಾನ್ ಬಸ್ ಎಂಬ ಒಳಸಂಪರ್ಕ ಜಾಲ ಇರುವ ಕಾರುಗಳಲ್ಲಿ ಅದರ ಸಂಖ್ಯೆ 21, ಬ್ಯಾಂಕ್ 2ಕ್ಕೆ 22) ಅಳೆದ ಬೆಲೆ ಮತ್ತು ಮಿತಿ ಎರಡೂ ಇರುತ್ತವೆ. ಕೆಲವು ಕಾರುಗಳಲ್ಲಿ ಅಳೆದದ್ದು ಮಿತಿಗಿಂತ ಹೆಚ್ಚಿರಬೇಕು, ಕೆಲವುಗಳಲ್ಲಿ ಕಡಿಮೆ ಇರಬೇಕು. ಕನಿಷ್ಠ, ಗರಿಷ್ಠ ಎಂಬ ಕಾಲಂ ನೋಡಿ ಓದಿ. ಕೋಡ್ ಅಳಿಸಿದ್ದರೆ ಪರೀಕ್ಷೆ ಮತ್ತೆ ನಡೆಯುವವರೆಗೆ ಇಲ್ಲಿ ಸೊನ್ನೆಯೇ ಕಾಣಬಹುದು, ಅದು ಫೇಲ್ ಅಲ್ಲ.

ಹಂತ 5: ಕೈಯಲ್ಲಿ ಮುಟ್ಟಿ ನೋಡುವುದು

ಕನ್ವರ್ಟರ್ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಲಗಲ ಎಂದರೆ ಒಳಗಿನ ಸೆರಾಮಿಕ್ ಒಡೆದಿದೆ, ಮುಂದಿನ ಪರೀಕ್ಷೆ ಬೇಡ. ಹೊರ ತಗಡಿನ ಶಾಖಕವಚವೂ ಸಡಿಲವಾದರೆ ಇದೇ ಸದ್ದು ಮಾಡುತ್ತದೆ, ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಮತ್ತೆ ತಟ್ಟಿ. ಮ್ಯಾನಿಫೋಲ್ಡಿಗೇ ಅಂಟಿಕೊಂಡ ಕನ್ವರ್ಟರ್ ಒಡೆದಿದ್ದರೆ ತಡಮಾಡಬೇಡಿ. ಕೆಲವು ಎಂಜಿನ್‌ಗಳಲ್ಲಿ ಅದರ ಪುಡಿ ಸಿಲಿಂಡರಿನೊಳಗೆ ಹಿಂದಕ್ಕೆ ಸೆಳೆದು ಗೋಡೆ ಗೀರುವುದುಂಟು.

ಕಟ್ಟಿಕೊಂಡಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಆಕ್ಸಿಜನ್ ತುಂಬಿಕೊಳ್ಳುವ ಶಕ್ತಿ ಕುಂದುವುದು ಒಂದು ಕಾಯಿಲೆ, ದಾರಿ ಮುಚ್ಚುವುದು ಇನ್ನೊಂದು. ಪಿ0420 ಹೇಳುವುದು ಮೊದಲನೆಯದನ್ನು ಮಾತ್ರ. ಆದರೆ ಕಾರು ಏರು ಹತ್ತದೆ ಉಸಿರುಗಟ್ಟಿದಂತೆ ಮಾಡುತ್ತಿದ್ದರೆ ಮುಂದಿನ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಒತ್ತಡದ ಗೇಜ್ ಕೂರಿಸಿ. ಐಡಲ್‌ನಲ್ಲಿ 0.1 ಬಾರ್ ಒಳಗೆ, 2500 ಆರ್‌ಪಿಎಂನಲ್ಲಿ 0.2 ಬಾರ್ ಒಳಗೆ ಇರಬೇಕು. ಇದಕ್ಕಿಂತ ಹೆಚ್ಚಿದ್ದರೆ ದಾರಿ ಮುಚ್ಚಿದೆ.

ಲೇಸರ್ ಥರ್ಮಾಮೀಟರಿನಿಂದ ಕನ್ವರ್ಟರಿನ ಮುಂದೆ ಮತ್ತು ಹಿಂದೆ ಶಾಖ ಅಳೆದು, ಹಿಂದೆ ಹೆಚ್ಚಿದ್ದರೆ ಸರಿ ಎನ್ನುವ ಪರೀಕ್ಷೆ ಬಹಳ ಪ್ರಸಿದ್ಧ. ನಮ್ಮ ಮಟ್ಟಿಗೆ ಅದಕ್ಕೆ ಹೆಚ್ಚು ತೂಕ ಕೊಡಲಾಗದು. ಈಗಿನ ಎಂಜಿನ್ ಸರಿಯಾಗಿ ಉರಿಯುತ್ತಿದ್ದರೆ ಕನ್ವರ್ಟರಿನಲ್ಲಿ ಉರಿಯಲು ಉಳಿಯುವುದೇ ಅತ್ಯಲ್ಪ, ವ್ಯತ್ಯಾಸ ಕಾಣದೆಯೂ ಇರಬಹುದು. ಮೇಲಾಗಿ ಹೊಳೆಯುವ ಉಕ್ಕಿನ ಮೇಲೆ ಆ ಉಪಕರಣ ತಪ್ಪು ಓದುತ್ತದೆ. ಕನ್ವರ್ಟರ್ ಕೆಂಪಗೆ ಕಾದಿದ್ದರೆ ಮಾತ್ರ ಅಳೆಯದೆಯೇ ಗೊತ್ತಾಗುತ್ತದೆ, ಪೆಟ್ರೋಲ್ ಒಳಗೆ ಉರಿಯುತ್ತಿದೆ.

ಬದಲಿಸಲೇಬೇಕು ಎಂದಾದರೆ

ಅದಕ್ಕೂ ಮೊದಲು ಒಂದು ವಿಚಾರಣೆ ಬಾಕಿ: ನಿಮ್ಮ ಮಾದರಿಗೆ ಈ ಕೋಡಿನ ಸಂಬಂಧ ಇಸಿಯು ಸಾಫ್ಟ್‌ವೇರಿನ ತಿದ್ದುಪಡಿ ಬಂದಿದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಅಗತ್ಯಕ್ಕಿಂತ ಬಿಗಿಯಾಗಿದ್ದ ಮಿತಿಯನ್ನು ತಯಾರಕರು ಆಮೇಲೆ ಸಡಿಲಿಸಿದ ಉದಾಹರಣೆಗಳಿವೆ. ಹೊಗೆ ನಿಯಂತ್ರಣದ ಭಾಗಗಳಿಗೆ ಬೇರೆಯೇ, ಹೆಚ್ಚು ದೀರ್ಘವಾದ ವಾರಂಟಿ ಇರುವ ದೇಶಗಳೂ ಇವೆ, ಅದನ್ನೂ ಕೇಳಿ.

ಎರಡು ಕನ್ವರ್ಟರ್ ಇರುವ ಕಾರಿನಲ್ಲಿ ಯಾವುದನ್ನು ಬದಲಿಸಬೇಕು ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್ನಿಗೆ ಅಂಟಿದಂತೆ ಒಂದು, ನೆಲದ ಕೆಳಗೆ ಇನ್ನೊಂದು ಇದ್ದಾಗ ಹಿಂದಿನ ಸೆನ್ಸರ್ ಸಾಮಾನ್ಯವಾಗಿ ಮೊದಲನೆಯದರ ಬೆನ್ನಿಗೇ ಇರುತ್ತದೆ. ಹಾಗಿದ್ದರೆ ಇಸಿಯು ನೋಡುವುದು ಮೊದಲನೆಯದನ್ನು ಮಾತ್ರ. ಬಿಚ್ಚಲು ಸುಲಭ ಎಂದು ಕೆಳಗಿನದನ್ನು ಬದಲಿಸಿದರೆ ಕೋಡ್ ಹಾಗೇ ಉಳಿಯುತ್ತದೆ. ಸೆನ್ಸರ್ ಎಲ್ಲಿದೆ ಎಂದು ಕಣ್ಣಾರೆ ನೋಡಿ ನಿರ್ಧರಿಸಿ.

ಅಗ್ಗದ ಕನ್ವರ್ಟರ್‌ಗಳಲ್ಲಿ ಬೆಲೆಬಾಳುವ ಲೋಹವೂ ಸೀರಿಯಮೂ ಕಡಿಮೆ. ಹಾಕಿದ ಕೆಲವು ತಿಂಗಳಲ್ಲಿ ಅದೇ ಕೋಡ್ ಮತ್ತೆ ಬರುವುದು ಇದರಿಂದ. ಕಂಪನಿಯದೇ ಆಗಬೇಕೆಂದಿಲ್ಲ, ಆದರೆ ನಿಮ್ಮ ಕಾರಿನ ಎಂಜಿನ್ ಕೋಡ್ ಮತ್ತು ಹೊಗೆ ಮಾನದಂಡಕ್ಕೆ ಹೊಂದುತ್ತದೆಂದು ಲಿಖಿತವಾಗಿ ಪ್ರಮಾಣೀಕರಿಸಿದ್ದು ಇರಲಿ.

ಕೂರಿಸುವಾಗ ಫ್ಲಾಂಜ್‌ಗಳ ಗ್ಯಾಸ್ಕೆಟ್ ಮತ್ತು ನಟ್ ಬೋಲ್ಟ್ ಹೊಸದೇ ಹಾಕಿ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಸೆನ್ಸರ್ ಬಿಚ್ಚಲು ಪೈಪು ಕೈಸುಡದಷ್ಟು ಬೆಚ್ಚಗಿರುವಾಗ ಸುಲಭ. ಬಲವಂತ ಮಾಡಿದರೆ ಸ್ಕ್ರೂ ಎಳೆಗಳು (ಥ್ರೆಡ್) ಕಿತ್ತುಬರುತ್ತವೆ. ಬಹುತೇಕ ಸೆನ್ಸರಿನ ಎಳೆ 18 ಮಿ.ಮೀ., 1.5 ಪಿಚ್. ಬಿಗಿಯಲು 40ರಿಂದ 45 ನ್ಯೂಟನ್ ಮೀಟರ್ ಆಸುಪಾಸು ಸಾಕಾಗುತ್ತದೆ, ಕೈಪಿಡಿಯ ಅಂಕಿಯೇ ಅಂತಿಮ. ಎಳೆಗೆ ಹಚ್ಚುವ ಪೇಸ್ಟ್ ಎಳೆಗೆ ಮಾತ್ರ, ತುದಿಗೆ ತಾಗಿದರೆ ಸೆನ್ಸರ್ ಹಾಳು. ಹೊಸ ಸೆನ್ಸರಿಗೆ ಹಲವು ಸಲ ಮೊದಲೇ ಹಚ್ಚಿರುತ್ತಾರೆ, ಮತ್ತೆ ಬಳಿಯಬೇಡಿ. ಕನ್ವರ್ಟರಿನ ಒಳಗೆ ಸೆರಾಮಿಕ್ಕನ್ನು ಹಿಡಿದಿಡುವ ಹೊದಿಕೆ ಮೊದಲ ಶಾಖಕ್ಕೆ ಹಿಗ್ಗಿ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲ ಸ್ಟಾರ್ಟಿನಲ್ಲಿ ರೇಸ್ ಕೊಡದೆ ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಬಿಡಿ. ಒಂದೆರಡು ದಿನ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ.

ಹಿಂದಿನ ಸೆನ್ಸರನ್ನು ಪೈಪಿನಿಂದ ಮೇಲಕ್ಕೆತ್ತಿ ಮೋಸಗೊಳಿಸುವ ಸ್ಪೇಸರ್, ಒಳಗಿನದನ್ನು ಒಡೆದು ಖಾಲಿ ಮಾಡುವುದು, ಇವು ದೀಪವನ್ನು ಆರಿಸಬಹುದು, ಹೊಗೆಯನ್ನಲ್ಲ. ಬಹಳ ಕಡೆ ಕಾನೂನಿಗೂ ವಿರುದ್ಧ. ಟ್ಯಾಂಕಿಗೆ ಹಾಕುವ ಕ್ಲೀನರ್ ತೆಳುವಾದ ಮಸಿ ಇದ್ದರೆ ಅಲ್ಪಸ್ವಲ್ಪ ಸಹಾಯ ಮಾಡಬಹುದು. ಶಾಖದಿಂದ ಸತ್ತದ್ದನ್ನೂ ರಂಜಕ ಕಟ್ಟಿದ್ದನ್ನೂ ಅದು ಬದುಕಿಸದು.

ರಿಪೇರಿ ಆಯಿತೇ ಎಂದು ತಿಳಿಯುವುದು

ಕೆಲಸ ಮುಗಿದ ಮೇಲೆ ಈಗ ಕೋಡ್ ಅಳಿಸಿ. ದೀಪ ಆರಿದ್ದು ರಿಪೇರಿಯಾದದ್ದಕ್ಕೆ ಸಾಕ್ಷಿಯಲ್ಲ, ಇಸಿಯು ಇನ್ನೂ ಪರೀಕ್ಷೆಯನ್ನೇ ನಡೆಸಿಲ್ಲ. ಸ್ಕ್ಯಾನರಿನ ರೆಡಿನೆಸ್ ಪಟ್ಟಿಯಲ್ಲಿ (ಇಸಿಯು ಯಾವ ಯಾವ ಪರೀಕ್ಷೆ ಮುಗಿಸಿದೆ ಎಂಬ ಪಟ್ಟಿ) ಕ್ಯಾಟಲಿಸ್ಟ್ ಎದುರು ಅಪೂರ್ಣ ಎಂದಿರುತ್ತದೆ. ಹೊಗೆ ತಪಾಸಣೆಗೆ ಹೋಗುವುದಿದ್ದರೆ ಅದು ಪೂರ್ಣವಾಗುವವರೆಗೆ ಹೋಗಬೇಡಿ.

ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಐಡಲ್ ಬಿಡಿ. ಎಂಜಿನ್ ಬಿಸಿಯಾದ ಮೇಲೆ 60ರಿಂದ 90 ಕಿ.ಮೀ. ನಡುವೆ ಒಂದೇ ವೇಗದಲ್ಲಿ ಹತ್ತು ನಿಮಿಷವಾದರೂ ಓಡಿಸಿ. ನಡುವೆ ಕೆಲವು ಸಲ ಬ್ರೇಕ್ ಒತ್ತದೆ ಕಾಲು ಬಿಟ್ಟು 80ರಿಂದ 40ಕ್ಕೆ ಇಳಿಸಿ. ನಿಖರ ಕ್ರಮ ಕಾರಿನಿಂದ ಕಾರಿಗೆ ಬೇರೆ, ಬರೀ ಪಟ್ಟಣದ ಟ್ರಾಫಿಕ್ಕಿನಲ್ಲಿ ಓಡಿಸಿದರೆ ವಾರ ಕಳೆದರೂ ಪರೀಕ್ಷೆ ನಡೆಯದೇ ಇರಬಹುದು.

ಕ್ಯಾಟಲಿಸ್ಟ್ ಪೂರ್ಣ ಎಂದು ತೋರಿಸಿದ ಮೇಲೆ ಪೆಂಡಿಂಗ್ ಕೋಡ್ ಇದೆಯೇ ನೋಡಿ, ಮೋಡ್ 6ರ ಅಂಕಿಯನ್ನು ಮಿತಿಯ ಜೊತೆ ಬರೆದಿಟ್ಟುಕೊಳ್ಳಿ. ಹೊಸ ಕನ್ವರ್ಟರಾದರೆ ಅಂಕಿ ಮಿತಿಯಿಂದ ದೂರವಿರುತ್ತದೆ. ಮೂರು ನಾಲ್ಕು ಸಾವಿರ ಕಿ.ಮೀ. ಬಳಿಕ ಮತ್ತೊಮ್ಮೆ ಓದಿ. ಅಷ್ಟರಲ್ಲೇ ಮಿತಿಯ ಕಡೆ ಗಣನೀಯವಾಗಿ ಸರಿದಿದ್ದರೆ ಎಂಜಿನ್ನಿನ ದೋಷ ಇನ್ನೂ ಉಳಿದಿದೆ: ಎರಡನೇ ಹಂತಕ್ಕೆ ಹಿಂದಿರುಗಿ, ಆಯಿಲ್ ಮಟ್ಟ ಮತ್ತು ಮೈನಸ್ ಟ್ರಿಮ್‌ನಿಂದ ಶುರುಮಾಡಿ.